ಬೆನ್ನ ಹಿಂದಕ್ಕೆ ಹೋದ ಕೈ

ಅಫಜಲಪುರ
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಅಪ್ಪಾ,

ನಿಮ್ಮ ಪಂಚಶೀಲಾಳ ಜೈಭೀಮ. ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ್ದಾರೆ, ಸ್ವಲ್ಪ ಸ್ವಲ್ಪ ಓದಬಹುದಂತೆ ಎಂದು ತಂಗಿ ಮೈತ್ರಿ ಹೇಳಿದ ದಿನವೇ ನಿಮಗೊಂದು ಪತ್ರ ಬರೆಯಬೇಕು ಅಂದುಕೊಂಡೆ. ನೋಡಿ, ಒಂದನೇ ಇಯತ್ತೆಯ ಮಕ್ಕಳಿಗೆ ಬರೆದುಕೊಟ್ಟ ಹಾಗೆ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಔಷಧದ ಹನಿ ಹೊತ್ತು ತಪ್ಪಿಸದೆ ಹಾಕಿಸಿಕೊಳ್ಳಿ, ಕಣ್ಣು ಉಜ್ಜಬೇಡಿ. ಸೊಲ್ಲಾಪುರದಲ್ಲಿ ಧೂಳು ಬಹಳ, ಹೊರಗೆ ಹೋಗುವಾಗ ಆ ಕರಿ ಕನ್ನಡಕ ಹಾಕಿಕೊಂಡೇ ಹೋಗಿ. ಅದನ್ನು ಹಾಕಿಕೊಂಡರೆ ನೀವು ಸಿನಿಮಾದ ಖಳನಾಯಕನ ಹಾಗೆ ಕಾಣುತ್ತೀರಿ ಎಂದು ಅವ್ವ ನಗುತ್ತಾಳಂತೆ, ನಗಲಿ ಬಿಡಿ. ಅವಳ ಮೊಣಕಾಲು ಹೇಗಿದೆ? ಮೈತ್ರಿಯ ಮನೆಯ ಮೆಟ್ಟಿಲು ಕಡಿದಾಗಿವೆ, ದಿನಾ ಹತ್ತಿಳಿಯಲು ಬಿಡಬೇಡಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡಿ. ನಿಮ್ಮ ಕಿವಿ ಕೈಕೊಟ್ಟ ಮೇಲೆ ನಮ್ಮ ಫೋನಿನ ಮಾತುಕತೆ ಹೇಗಿರುತ್ತದೆಂದು ನಿಮಗೇ ಗೊತ್ತು. ನಾನು ಏನು ಕೇಳಿದರೂ ನೀವು ‘ನಮ್ಮದು ಊಟ ಆಯ್ತು, ನಿಂದು?’ ಅನ್ನುತ್ತೀರಿ. ಅವ್ವನಿಗೆ ಹೇಳಿದರೆ ಅಳುತ್ತಾಳೆ. ಮೈತ್ರಿಗೆ ಹೇಳಿದರೆ ಆಸ್ಪತ್ರೆಗೆ ರಜೆ ಹಾಕಿ ಇವತ್ತೇ ಹೊರಟು ಬಂದುಬಿಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆಯ ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪತ್ರ ಕೊಡುತ್ತೇನೆ, ಜೊತೆಗೆ ಅವ್ವನಿಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ ಇದೆ. ಮೈತ್ರಿ ನಾಳೆ ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಸ್ಟ್ಯಾಂಡಿನಿಂದ ತರುತ್ತಾಳೆ. ನೀವು ಓದುವ ಹೊತ್ತಿಗೆ ನಾನು ಕಲಬುರಗಿಯಲ್ಲಿರುತ್ತೇನೆ. ಒಂದು ಮಾತು ನಡೆಸಿಕೊಡಿ, ಇದನ್ನು ಮನಸ್ಸಿನಲ್ಲೇ ಓದಿಕೊಳ್ಳಿ. ಜೇವರ್ಗಿ ಕೋರ್ಟಿನ ಬಾಗಿಲಲ್ಲಿ ನಿಂತು ಜೀವಮಾನವೆಲ್ಲ ವಾದಿ, ಪ್ರತಿವಾದಿ, ಸಾಕ್ಷಿಗಳ ಹೆಸರು ಕೂಗಿದ ದನಿ ನಿಮ್ಮದು, ಕಿವಿ ಹೋದ ಮೇಲಂತೂ ಇನ್ನೂ ಏರಿದೆ. ನೀವು ಜೋರಾಗಿ ಓದಿದರೆ ಮೈತ್ರಿಯ ಓಣಿಗೆಲ್ಲ ಸುದ್ದಿ ಮುಟ್ಟುತ್ತದೆ.

ನನ್ನ ನೌಕರಿ ನಡೆದಿದೆ. ಅತಿಥಿ ಉಪನ್ಯಾಸಕಿ ಅಂದರೆ ಎಷ್ಟು ವರ್ಷ ಪಾಠ ಮಾಡಿದರೂ ಚಹಾ ಕುಡಿದು ಎದ್ದು ಹೋಗುವವಳ ಹಾಗೆಯೇ. ಅಪರಾಧಶಾಸ್ತ್ರಕ್ಕೆ ಈ ಸಲವೂ ಕ್ಲಾಸು ತುಂಬಿದೆ, ವಿಷಯದ ಮೇಲಿನ ಪ್ರೀತಿಗಲ್ಲ, ಪೊಲೀಸ್ ಪರೀಕ್ಷೆಗೆ ಅನುಕೂಲ ಅಂತ ಯಾರೋ ಹಬ್ಬಿಸಿದ್ದಾರೆ. ನಿಮಗೆ ಬಾಯಿಪಾಠವಿದ್ದ ಕೊಲೆಯ ಕಲಂ ಮುನ್ನೂರಾ ಎರಡು ಈಗ ಹೊಸ ಕಾನೂನಿನಲ್ಲಿ ನೂರಾ ಮೂರು ಆಗಿದೆ, ಹಳೆಯದನ್ನು ಮರೆಯಲಾರದೆ ಹೊಸದನ್ನು ನೆನಪಿಡಲಾರದೆ ನಾನೂ ಮಕ್ಕಳೂ ಒದ್ದಾಡುತ್ತೇವೆ. ಸಾಕ್ಷಿಯ ಪಾಠಕ್ಕೆ ಮೊದಲು ನಾನು ಆಡಿಸುವ ಆಟ ನಿಮಗೆ ಹೇಳಿದ್ದೆನಲ್ಲ? ಪಾಠ ನಡೆದಾಗಲೇ ಒಬ್ಬ ಹುಡುಗ ಒಳಗೆ ನುಗ್ಗಿ ಮೇಜಿನ ಮೇಲಿನ ನನ್ನ ಚೀಲ ಎತ್ತಿಕೊಂಡು ಓಡುತ್ತಾನೆ. ಅವನಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಆಮೇಲೆ ಕಂಡದ್ದನ್ನು ಬರೆಯಿರಿ ಅಂದರೆ ಒಬ್ಬರು ಕೆಂಪು ಅಂಗಿ ಅನ್ನುತ್ತಾರೆ, ಒಬ್ಬರು ನೀಲಿ ಅನ್ನುತ್ತಾರೆ, ಇಲ್ಲದ ಮೀಸೆಯನ್ನೂ ಅಂಟಿಸುತ್ತಾರೆ. ಕಣ್ಣು ಕಂಡದ್ದೇ ಬೇರೆ, ಮನಸ್ಸು ಇಟ್ಟುಕೊಂಡದ್ದೇ ಬೇರೆ ಎಂದು ತಿಳಿದು ಎಲ್ಲರೂ ನಗುತ್ತೇವೆ. ಈ ವರ್ಷ ಆ ಆಟ ಆಡಿಸಲು ನನಗೆ ಮನಸ್ಸಾಗಲಿಲ್ಲ.

ಯಾಕೆಂದರೆ ಅಪ್ಪಾ, ಈಗ ನಾನೇ ಸಾಕ್ಷಿ. ನಾಳೆ ಕಲಬುರಗಿ ಜೈಲಿನಲ್ಲಿ ಗುರುತು ಪತ್ತೆಯ ಪರೇಡು ಇದೆ. ಸಾಲಾಗಿ ನಿಲ್ಲಿಸಿದ ಗಂಡಸರಲ್ಲಿ ಚಂದ್ರಾಮಪ್ಪನ ಮೇಲೆ ಟಿಪ್ಪರ್ ಹಾಯಿಸಿದವನು ಯಾರೆಂದು ತಹಶೀಲ್ದಾರರ ಎದುರು ಕೈಮಾಡಿ ತೋರಿಸಬೇಕು. ನನಗೆ ಬಹಳ ಹೆದರಿಕೆಯಾಗಿದೆ. ಇಷ್ಟು ದಿನ ನಿಮ್ಮೆಲ್ಲರಿಂದ ಮುಚ್ಚಿಟ್ಟೆ, ಇವತ್ತು ಮುಚ್ಚಿಡಲು ಆಗುತ್ತಿಲ್ಲ.

ಚಂದ್ರಾಮಪ್ಪ ನಿಮಗೆ ನೆನಪಿರಬೇಕು. ಹೋದ ವರ್ಷ ನೀವು ಬಂದಾಗ ನಮ್ಮ ಕಾಲೇಜಿನ ಗೇಟಿನಲ್ಲಿ ಬಿಸಿ ಶೇಂಗಾ ಕೈಗೆ ಹಾಕಿ, ‘ಮೇಡಂ ಅವರ ಅಪ್ಪಾರಂದ್ರ ನಮಗೂ ಬೀಗರಿದ್ದಂಗ ಬಿಡ್ರಿ’ ಅಂದನಲ್ಲ, ಅವನೇ. ದೀಪಾವಳಿ ಆದ ಮೇಲಿನ ವಾರ ಬಸುರಿ ಸಹೋದ್ಯೋಗಿಯೊಬ್ಬಳ ಕುಬಸಕ್ಕೆ ಹೋಗಿ ಸ್ಕೂಟಿಯ ಮೇಲೆ ಭೀಮಾ ಕಡೆಯ ರಸ್ತೆಯಿಂದ ವಾಪಸು ಬರುತ್ತಿದ್ದೆ. ಹೊತ್ತು ಮುಳುಗಿತ್ತು, ಪೂರ್ತಿ ಕತ್ತಲಾಗಿರಲಿಲ್ಲ. ಮುಂದೆ ಚಂದ್ರಾಮಪ್ಪ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ. ಹಿಂದಿನಿಂದ ಉಸುಕಿನ ಟಿಪ್ಪರ್ ಬಂತು, ನನ್ನ ತೋಳಿಗೆ ತಾಗಿದಂತೆ ದಾಟಿಕೊಂಡು ಹೋಯಿತು, ಆಮೇಲೆ ಆ ಸಪ್ಪಳ. ಸೈಕಲ್ಲು ಒಂದು ಕಡೆ, ಅವನೊಂದು ಕಡೆ, ರಸ್ತೆಯ ತುಂಬ ಶೇಂಗಾ. ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ಕಿತ್ತೆಸೆದು ಓಡಿದೆ. ಟಿಪ್ಪರ್ ಸ್ವಲ್ಪ ಮುಂದೆ ಹೋಗಿ ನಿಂತಿತು. ಅದರಿಂದ ಒಬ್ಬನೇ ಇಳಿದು ನಮ್ಮ ಕಡೆ ನಡೆದು ಬಂದ. ತೆಳ್ಳಗೆ, ಎತ್ತರ, ಒಪ್ಪವಾಗಿ ಕತ್ತರಿಸಿದ ಗಡ್ಡ, ಬಿಳಿ ಅಂಗಿ, ಕೈಯಲ್ಲಿ ಉರಿಯುವ ಸಿಗರೇಟು. ನನ್ನ ಸ್ಕೂಟಿಯ ದೀಪ ಅವನ ಮುಖದ ಮೇಲೇ ಇತ್ತು. ನನ್ನನ್ನು ನೋಡಿದ ಕೂಡಲೇ ಸಿಗರೇಟಿನ ಕೈ ಬೆನ್ನ ಹಿಂದಕ್ಕೆ ಹೋಯಿತು. ಹಾಗೇ ನಿಂತು ಚಂದ್ರಾಮಪ್ಪನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ, ತಿರುಗಿ ಓಡಿ ಗಾಡಿ ಹತ್ತಿಕೊಂಡು ಹೋಗಿಬಿಟ್ಟ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ನಾನು ಚಂದ್ರಾಮಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನೀರು ಕೇಳಿದ. ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಅವತ್ತೇ ಠಾಣೆಯಲ್ಲಿ ಕೂತು ಹೇಳಿಕೆ ಬರೆಸಿದೆ, ಅಂಗಿ, ಗಡ್ಡ, ಸಿಗರೇಟು ಎಲ್ಲ ಸೇರಿಸಿ.

ಒಂದು ವಾರದೊಳಗೆ ಕಲ್ಯಾಣಕುಮಾರ ಅನ್ನುವ ಡ್ರೈವರ್ ತಾನಾಗಿ ಠಾಣೆಗೆ ಬಂದು ‘ನಾನೇ ಹೊಡದೀನ್ರಿ’ ಎಂದು ಶರಣಾದ. ಆಳಂದ ಕಡೆಯವನು. ಟಿಪ್ಪರ್ ಇಲ್ಲಿಯ ಉಸುಕಿನ ಗುತ್ತಿಗೆದಾರ ಹಣಮಂತ್ರಾಯ ಸಾಹುಕಾರರದು. ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ನಿಮಗೆ ಗೊತ್ತಲ್ಲ, ಅದಕ್ಕೇ ನನ್ನ ಬೆರಳು ಬೇಕಾಗಿದೆ. ಈ ಕೇಸಿನ ಓಡಾಟ ನಯೀಮನ ಪಾಲಿಗೆ ಬಂದಿದೆ. ನಯೀಮ ನನ್ನ ಹಳೆಯ ವಿದ್ಯಾರ್ಥಿ, ಈಗ ಕಾನ್‌ಸ್ಟೇಬಲ್. ಅವನ ವರ್ಷದಲ್ಲಿ ನನ್ನ ಚೀಲ ಎತ್ತಿಕೊಂಡು ಓಡಿದ ಕಳ್ಳ ಅವನೇ, ಓಡುವಾಗ ಬಾಗಿಲಿಗೆ ಹಣೆ ಹೊಡೆದುಕೊಂಡು ಎಲ್ಲರನ್ನೂ ನಗಿಸಿದ್ದ. ಪರೇಡಿನ ನೋಟಿಸು ಕೊಡಲು ಬಂದವನು ಚಹಾ ಕುಡಿದು ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದ. ‘ಇವನೇ ನೋಡ್ರಿ ಮೇಡಂ. ಸಾಲಿನಾಗ ಎಡದಿಂದ ಮೂರನೇದಾಂವ ಇರ್ತಾನ. ನಿಮಗ ಅಲ್ಲಿ ಗಲಿಬಿಲಿ ಆಗಬಾರ್ದಂತ ತೋರಿಸಾಕತ್ತೇನಿ’ ಅಂದ. ನೋಡಿಬಿಟ್ಟ ಮೇಲೆ ಫೋನನ್ನು ಆಚೆ ತಳ್ಳಿದೆ. ಪರೇಡಿಗೆ ಮೊದಲು ಸಾಕ್ಷಿಗೆ ಆರೋಪಿಯ ಮುಖ ತೋರಿಸಬಾರದು ಎಂದು ಅವನಿಗೆ ಕಲಿಸಿದವಳು ನಾನೇ, ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡವನೂ ಅವನೇ. ಬೈದೆ. ಅವನು ಪೆಚ್ಚಾಗಿ, ‘ಹಂಗಲ್ರಿ ಮೇಡಂ, ನಮ್ಮ ಮೇಡಂಗ ಅಲ್ಲಿ ಅವಮಾನ ಆಗಬಾರ್ದು ಅಂತ’ ಅಂದ. ಮೋಸ ಮಾಡುವ ಹುಡುಗನಲ್ಲ ಅವನು. ನನ್ನ ಮೇಲಿನ ಭಕ್ತಿಯಿಂದಲೇ ಹಾಗೆ ಮಾಡಿದ, ಅದಕ್ಕೆ ಇನ್ನೂ ಸಂಕಟವಾಗುತ್ತದೆ.

ಈಗ ಏನಾಗಿದೆ ಗೊತ್ತಾ ಅಪ್ಪಾ, ಕಣ್ಣು ಮುಚ್ಚಿದರೆ ಸ್ಕೂಟಿಯ ಬೆಳಕಿನಲ್ಲಿ ನಿಲ್ಲುವವನು ಆ ಫೋಟೋದವನೇ. ಅವನ ಮೂಗು, ಅವನ ಕಣ್ಣು. ಅವತ್ತು ಕಂಡ ಮುಖ ನಿಜವಾಗಿ ಹೇಗಿತ್ತೋ ಅದು ನನ್ನ ಹತ್ತಿರ ಉಳಿದಿಲ್ಲ, ಅಳಿಸಿಹೋಗಿದೆ. ಬೇರೆಯವರಿಗೆ ಹೀಗಾಗುತ್ತದೆ ಎಂದು ವರ್ಷಗಟ್ಟಲೆ ಪಾಠ ಮಾಡಿದೆ, ನನಗೇ ಆದಾಗ ತಲೆ ಕೆಟ್ಟಂತಾಯಿತು. ಗಡ್ಡ ಬಿಟ್ಟ ತೆಳ್ಳಗಿನ ಹುಡುಗರು ಕಂಡರೆ ಸಾಕು, ಓಣಿ ಬದಲಿಸುತ್ತೇನೆ. ನಮ್ಮ ಊರುಗಳಲ್ಲಿ ಈಗ ಗಡ್ಡ ಬಿಡದ ಹುಡುಗರು ಯಾರಿದ್ದಾರೆ ಹೇಳಿ. ಟಿಪ್ಪರಿನ ಸಪ್ಪಳ ಕೇಳಿದರೆ ಸ್ಕೂಟಿ ಪಕ್ಕಕ್ಕೆ ಹಾಕಿ ನಿಂತುಬಿಡುತ್ತೇನೆ. ಮನೆಯ ಒಡತಿ ಕರೀಮುನ್ನಿಸಾ ಚಾಚಿ ನನ್ನ ಅವಸ್ಥೆ ನೋಡಿ ತಾನೇ ಹಾಸಿಗೆ ತಂದು ನನ್ನ ಕೋಣೆಯಲ್ಲಿ ಮಲಗುತ್ತಿದ್ದಾಳೆ. ಅವಳ ಗೊರಕೆ ಬಸ್ಸಿನ ಇಂಜಿನಿನ ಹಾಗಿದೆ, ಆದರೂ ಅದು ಕೇಳಿದರೆ ನನಗೆ ಸಮಾಧಾನ.

ಹೋದ ಭಾನುವಾರ ಕಲ್ಯಾಣಕುಮಾರನ ಹೆಂಡತಿ ಶಿವಕಾಂತಾ ಆಳಂದದಿಂದ ಬಂದಿದ್ದಳು, ಸೊಂಟದ ಮೇಲೆ ಕೂಸು. ಗಂಡನನ್ನು ಬಿಡಿಸಿ ಅನ್ನಲು ಬಂದಿದ್ದಾಳೆಂದು ನಾನು ಅಂದುಕೊಂಡೆ. ಅವಳು ನನ್ನ ಕಾಲು ಹಿಡಿದು ಹೇಳಿದ್ದೇ ಬೇರೆ. ‘ನನ್ನ ಗಂಡನ ಕಡೀಗೇ ಕೈ ಮಾಡ್ರಿ ಮೇಡಂ. ಅಲ್ಲ ಅಂತ ಮಾತ್ರ ಅನಬ್ಯಾಡ್ರಿ’ ಅಂದಳು. ಸಾಹುಕಾರರು ಮನೆ ನೋಡಿಕೊಳ್ಳುತ್ತಾರಂತೆ, ವಕೀಲರನ್ನೂ ಇಡುತ್ತಾರಂತೆ, ಅಪಘಾತದ ಕೇಸು ಬೇಗ ಮುಗಿಯುತ್ತದಂತೆ. ಪರೇಡಿನಲ್ಲಿ ಅವನಲ್ಲ ಅಂತಾದರೆ ತಮಗೆ ಉಳಿಗಾಲವಿಲ್ಲವಂತೆ. ಅವತ್ತು ನಿನ್ನ ಗಂಡ ಎಲ್ಲಿದ್ದ ಅಂತ ಕೇಳಿದೆ. ‘ಹೊಲದಾಗ ತೊಗರಿಗಿ ಹುಳದ ಎಣ್ಣಿ ಹೊಡ್ಯಾಕತ್ತಿದ್ದ’ ಅಂದವಳು, ಏನು ಅಂದೆ ಎಂದು ತಿಳಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ನಾ ಏನೂ ಅಂದಿಲ್ರಿ ಮೇಡಂ, ಏನೂ ಅಂದಿಲ್ರಿ’ ಅನ್ನುತ್ತ ಚಪ್ಪಲಿ ಮೆಟ್ಟಲೂ ಮರೆತು ಹೋದಳು. ದೊಡ್ಡವರ ಗಾಡಿ ಯಾರನ್ನಾದರೂ ಕೊಂದರೆ ಡ್ರೈವರ್ ಬದಲಿ ಕೊಡುವುದು ನಡೆದೇ ಇದೆ, ನಿಮ್ಮ ಕಾಲದಲ್ಲೂ ಇತ್ತು. ನಾನೂ ಅದನ್ನು ಪಾಠದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಅವಳ ಚಪ್ಪಲಿ ಇನ್ನೂ ನನ್ನ ಬಾಗಿಲಲ್ಲಿದೆ.

ಇನ್ನೊಂದು ಹೇಳಬೇಕು. ಸಾಹುಕಾರರ ಮಗ ರೇವಣಸಿದ್ಧ ನನ್ನ ಕ್ಲಾಸಿನವನೇ. ಕಾಲೇಜಿಗೆ ಸೇರಿದಾಗಿನಿಂದ ಹಾಜರಿಯಲ್ಲಿ ಬರೀ ಅವನ ಹೆಸರಿತ್ತು, ಅವನಿರಲಿಲ್ಲ. ಎಲ್ಲೋ ಅಪ್ಪಿತಪ್ಪಿ ಬಂದರೆ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದ, ಮುಖ ಸರಿಯಾಗಿ ನೋಡಿದವಳೂ ಅಲ್ಲ ನಾನು. ಚಂದ್ರಾಮಪ್ಪ ಸತ್ತ ಮೇಲಿನ ವಾರದಿಂದ ದಿನಾ ಬರುತ್ತಾನೆ. ಮುಂದಿನ ಬೆಂಚು. ಗಡ್ಡ ಬೋಳಿಸಿದ್ದಾನೆ. ಮೊನ್ನೆ ಸಾಕ್ಷಿಯ ಪಾಠದಲ್ಲಿ ಎದ್ದು ನಿಂತು, ‘ಒಮ್ಮೆ ನೋಡಿದ್ದ ಮುಖ ಎಷ್ಟ ದಿನ ನೆನಪಿರ್ತದ್ರಿ ಮೇಡಂ?’ ಅಂತ ಕೇಳಿದ. ಹುಡುಗರು ನಕ್ಕರು. ನಾನು ಹಲಗೆಯ ಕಡೆ ತಿರುಗಿ ಏನೋ ಬರೆದೆ, ಏನು ಬರೆದೆನೋ ಗೊತ್ತಿಲ್ಲ. ಅವನೇನಾ ಅಂತ ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ ಅಪ್ಪಾ. ಅವನು ತೆಳ್ಳಗಿದ್ದಾನೆ, ಎತ್ತರವಿದ್ದಾನೆ, ಆದರೆ ಅವನ ಮುಖವನ್ನು ಎಷ್ಟು ನೋಡಿದರೂ ನನಗೆ ಆ ಫೋಟೋದ ಮುಖವೇ ಅಡ್ಡ ಬರುತ್ತದೆ. ಅಪ್ಪ ಹೇಳಿ ಕಳಿಸಿದ್ದಕ್ಕೆ ನನ್ನ ಮೇಲೆ ಕಣ್ಣಿಡಲು ಬರುತ್ತಿರಬಹುದು, ಅಷ್ಟೇ ಇರಬಹುದು. ಹೆದರಿದವರ ಕಣ್ಣಿಗೆ ಎಲ್ಲರೂ ಅಪರಾಧಿಗಳೇ. ಬರೀ ಅನುಮಾನದ ಮೇಲೆ ಒಬ್ಬ ಹುಡುಗನ ಹೆಸರು ಹೇಳಿದರೆ ನಾನು ಇಷ್ಟು ವರ್ಷ ಕಲಿಸಿದ್ದಕ್ಕೆ ಏನು ಅರ್ಥ?

ಅದಕ್ಕೆ ಒಂದು ದಾರಿ ಯೋಚಿಸಿದ್ದೇನೆ. ನಾಳೆ ಯಾರ ಕಡೆಗೂ ಕೈ ಮಾಡುವುದಿಲ್ಲ. ‘ನನಗೆ ನೆನಪಿಲ್ಲ’ ಎಂದು ಹೇಳಿ ಬಂದುಬಿಡುತ್ತೇನೆ. ಸುಳ್ಳಲ್ಲವಲ್ಲ ಅದು? ನಿಜವಾಗಿಯೂ ನೆನಪಿಲ್ಲ. ಹೊಲದಲ್ಲಿ ತೊಗರಿಗೆ ಎಣ್ಣಿ ಹೊಡೆಯುತ್ತಿದ್ದವನನ್ನು ಜೈಲಿಗೆ ಕಳಿಸಿದ ಪಾಪ ನನಗೆ ಬರುವುದಿಲ್ಲ, ಅವನಲ್ಲ ಅಂದೆ ಎಂಬ ಸಿಟ್ಟೂ ಸಾಹುಕಾರರಿಗೆ ಬರುವುದಿಲ್ಲ, ನಯೀಮನ ನೌಕರಿಯೂ ಉಳಿಯುತ್ತದೆ. ಮುಂದಿನ ವರ್ಷವೂ ನನ್ನನ್ನು ಪಾಠಕ್ಕೆ ಕರೆಯುತ್ತಾರೆ. ಚಂದ್ರಾಮಪ್ಪನ ಹೆಂಡತಿ ಗುರುಶಾಂತಮ್ಮ ಈಗ ಅದೇ ಗೇಟಿನಲ್ಲಿ ಅದೇ ಬುಟ್ಟಿ ಇಟ್ಟುಕೊಂಡು ಕೂಡುತ್ತಾಳೆ. ಏನೂ ಕೇಳುವುದಿಲ್ಲ, ಶೇಂಗಾ ಕಟ್ಟಿಕೊಡುವಾಗ ನನ್ನ ಮುಖ ಒಮ್ಮೆ ನೋಡುತ್ತಾಳೆ. ಅವ್ವನಿಗೆ ಕಳಿಸಿದ ಹಿಂಡಿ ಅವಳ ಶೇಂಗಾದ್ದೇ. ಅವಳಿಗೆ ಏನು ಹೇಳುವುದು ಎಂದು ಮಾತ್ರ ಹೊಳೆದಿಲ್ಲ.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಜೇವರ್ಗಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ನಿಮ್ಮ ಕೆಲಸ ಮುಗಿಯುವುದನ್ನು ಕಾಯುತ್ತಿದ್ದೆನಲ್ಲ, ಈಗ ಅದೇ ನೆನಪಾಗುತ್ತಿದೆ. ನೀವು ಸಾಕ್ಷಿಯ ಹೆಸರು ಕೂಗಿದರೆ ಬೇವಿನ ಗಿಡದ ಕೆಳಗೆ ಕೂತವರು ಬೆಚ್ಚಿ ಏಳುತ್ತಿದ್ದರು. ಕೆಲವರು ಎದ್ದವರು ಅಲ್ಲಿಯೇ ನಿಂತುಬಿಡುತ್ತಿದ್ದರು. ನೀವು ಕೊಡದಿಂದ ನೀರು ಮೊಗೆದು ಕೊಟ್ಟು, ‘ಬರ್ರಿ, ಅಂಜಬ್ಯಾಡ್ರಿ, ಕಂಡದ್ದಷ್ಟ ಹೇಳಿ ಬರ್ರಿ’ ಅಂತ ಒಳಗೆ ಕಳಿಸುತ್ತಿದ್ದಿರಿ. ಕಂಡದ್ದನ್ನು ಹೇಳಲು ಇವರಿಗೆ ಯಾಕಿಷ್ಟು ಅಂಜಿಕೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಈಗ ಆ ಗಿಡದ ಕೆಳಗೆ ನಾನೇ ಕೂತಂತಿದೆ. ನಾಳೆ ನೀವು ಬಾಗಿಲಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಸಾಕು, ಇಷ್ಟೆಲ್ಲ ಓದಿ ನಿಮ್ಮ ಕಣ್ಣಿಗೆ ಆಯಾಸವಾದರೆ ಮೈತ್ರಿ ನನ್ನನ್ನೇ ಬೈಯುತ್ತಾಳೆ. ಅವ್ವನಿಗೆ ಶೇಂಗಾ ಹಿಂಡಿಯ ಸುದ್ದಿ ಮಾತ್ರ ಹೇಳಿ, ಪಂಚಿ ಆರಾಮಿದ್ದಾಳೆ ಅನ್ನಿ. ಮೈತ್ರಿಗೆ, ನೆಲೋಗಿಯಿಂದ ಅಜಯಣ್ಣ ಬಂದಿದ್ದರೆ ಅವನಿಗೂ ನನ್ನ ನೆನಪು ತಿಳಿಸಿ. ಬುದ್ಧವಂದನೆ ಹೇಳುವಾಗ ನಾಳೆ ಒಂದು ಗಳಿಗೆ ನನ್ನನ್ನೂ ನೆನೆಯಿರಿ. ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮ ಮಗಳು,
ಪಂಚಶೀಲಾ

ತಾ.ಕ.: ಅಪ್ಪಾ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ, ಕ್ಷಮಿಸಿ. ಕಂಡಕ್ಟರ್ ಅವಸರ ಮಾಡುತ್ತಿದ್ದಾನೆ. ಲಕೋಟೆ ಅಂಟಿಸಿ ತಂದವಳು ಮತ್ತೆ ಹರಿದು ಬಿಚ್ಚಿದೆ. ಈಗಷ್ಟೇ ಸ್ಟ್ಯಾಂಡಿನ ಚಹಾದ ಅಂಗಡಿ ದಾಟಿ ಬರುವಾಗ ಅಲ್ಲಿ ರೇವಣಸಿದ್ಧ ಗೆಳೆಯರ ಜೊತೆ ನಿಂತು ಸಿಗರೇಟು ಸೇದುತ್ತಿದ್ದ. ನನ್ನನ್ನು ನೋಡಿದ. ಕೂಡಲೇ ಸಿಗರೇಟಿನ ಕೈ ಬೆನ್ನ ಹಿಂದಕ್ಕೆ ಹೋಯಿತು.

ನಮ್ಮ ಹುಡುಗರೆಲ್ಲ ಹಾಗೇ. ಮಾಸ್ತರು ಕಂಡರೆ, ಮೇಡಂ ಕಂಡರೆ ಕೈ ತಾನಾಗಿ ಹಿಂದೆ ಹೋಗುತ್ತದೆ. ಅಜಯಣ್ಣ ನಿಮ್ಮನ್ನು ನೋಡಿ ಬೀಡಿ ಹಿಂದೆ ಹಿಡಿದು ಅಂಗಿ ಸುಟ್ಟುಕೊಂಡಿದ್ದು ಮರೆತಿಲ್ಲವಲ್ಲ? ಆಳಂದದ ಡ್ರೈವರ್ ನನ್ನನ್ನು ಎಂದೂ ನೋಡಿದವನಲ್ಲ. ರಸ್ತೆಯಲ್ಲಿ ಯಾರೋ ಹೆಂಗಸು ಓಡಿ ಬಂದರೆ ಅವನು ಯಾಕೆ ಸಿಗರೇಟು ಬಚ್ಚಿಡುತ್ತಾನೆ? ಅವತ್ತು ಹೆಣ ಬೀಳಿಸಿ ನಿಂತವನು ನನಗೆ ಮರ್ಯಾದೆ ಕೊಟ್ಟಿದ್ದ ಅಪ್ಪಾ. ಅದನ್ನು ನನ್ನ ಬಾಯಿಂದಲೇ ಹೇಳಿ ಬರೆಸಿ ಸಹಿ ಮಾಡಿದ್ದೇನೆ, ಅರ್ಥ ಮಾತ್ರ ಈಗ ಆಯಿತು.

ನಾನು ನಿಂತುಬಿಟ್ಟೆ. ಅವನ ಮುಖ ನೋಡಲಿಲ್ಲ, ಆ ತೋಳನ್ನೇ ನೋಡಿದೆ. ನಾನು ಏನು ನೋಡುತ್ತಿದ್ದೇನೆಂದು ಅವನಿಗೆ ತಿಳಿಯಿತು. ನಿಧಾನಕ್ಕೆ ಕೈ ಮುಂದೆ ತಂದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ನನ್ನೆದುರೇ ಸೇದಿದ. ಇನ್ನೂ ಅಲ್ಲೇ ನಿಂತಿದ್ದಾನೆ, ನಾನು ಬರೆಯುವುದನ್ನು ನೋಡುತ್ತಿದ್ದಾನೆ.

ಇನ್ನು ನೆನಪಿಲ್ಲ ಅನ್ನಲು ಬರುವುದಿಲ್ಲ. ಸಾಲಿನಲ್ಲಿ ನಿಂತವರಲ್ಲಿ ಯಾರೂ ಅಲ್ಲ ಅನ್ನುತ್ತೇನೆ, ಫೋಟೋದ ವಿಷಯ ಹೇಳುತ್ತೇನೆ, ಆಮೇಲೆ ಈ ಕೈಯ ವಿಷಯ ಹೇಳಿ ಅವನ ಹೆಸರು ಹೇಳುತ್ತೇನೆ. ನೀವು ಕೂಗುತ್ತಿದ್ದ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಬೇಕು ಅಂತಿದೆ. ದನಿ ಹೊರಡುತ್ತದೋ ಇಲ್ಲವೋ ಗೊತ್ತಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳಿ ಅಂದಿದ್ದೆನಲ್ಲ, ಬೇಡ ಅಪ್ಪಾ. ಇದೊಂದು ಭಾಗ ಜೋರಾಗಿ ಓದಿರಿ.